ಕಲಂ ಒಂಬತ್ತು

ತೂಕ ಮತ್ತು ಅಳತೆ ಇಲಾಖೆಯ ಶಾಖಾ ಕಚೇರಿಯಲ್ಲಿ, ಕಿಟಕಿಯಿಂದ ಮೂರನೆಯ ಮೇಜಿನ ಗುಮಾಸ್ತರು ಇಪ್ಪತ್ತೆರಡು ವರ್ಷ ಗುಮಾಸ್ತರಾಗಿಯೇ ಇದ್ದರು. ಇದರಿಂದ ಅವರಿಗೆ ಏನೂ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಅವರ ಹೆಂಡತಿಗೆ, ಅತ್ತೆಗೆ, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಹೆಂಡತಿಯ ತಮ್ಮನಿಗೆ. ಈ ಭಾವಮೈದುನ ಆವರೆಗೆ ಮೂರು ಕೆಲಸ ಬಿಟ್ಟಿದ್ದರಿಂದ ಕೆಲಸದಲ್ಲಿ ಮೇಲೆ ಬರುವುದು ಹೇಗೆ ಎಂಬ ವಿಷಯದಲ್ಲಿ ಮನೆಯಲ್ಲಿ ಅವನದೇ ಕೊನೆಯ ಮಾತು.

ಗುಮಾಸ್ತರ ಕೆಲಸ ಸರಳ. ಅಂಗಡಿಯವರು ವರ್ಷಕ್ಕೊಮ್ಮೆ ತಮ್ಮ ತಕ್ಕಡಿ, ತೂಕದ ಕಲ್ಲುಗಳನ್ನು ಹೊತ್ತು ತರುತ್ತಾರೆ. ಇನ್‌ಸ್ಪೆಕ್ಟರ್ ಸಾಹೇಬರು ಅವನ್ನು ಸರ್ಕಾರದ ಮಾದರಿ ತೂಕದ ಜೊತೆ ಇಟ್ಟು ನೋಡಿ, ಸರಿಯಿದ್ದರೆ ಮುದ್ರೆ ಒತ್ತುತ್ತಾರೆ. ಯಾವ ಅಂಗಡಿ, ಎಷ್ಟು ಕಲ್ಲು, ಯಾವ ತಾರೀಕು ಎಂದು ಗುಮಾಸ್ತರು ದುಂಡಗಿನ ಅಕ್ಷರದಲ್ಲಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇಷ್ಟೇ. ಈ ಇಷ್ಟನ್ನೇ ಅವರು ಹೆದರಿಕೊಂಡು ಮಾಡುತ್ತಿದ್ದರು. ಟೆಲಿಫೋನಿಗೆ ಹೆದರುತ್ತಿದ್ದರು. ಹೆಸರಿನ ಹಲಗೆ ಹಾಕಿದ ಬಾಗಿಲುಗಳಿಗೆ ಹೆದರುತ್ತಿದ್ದರು. ಕಂದು ಬಣ್ಣದ ಲಕೋಟೆ ಕಂಡರಂತೂ ಅದು ಪಕ್ಕದ ಮೇಜಿನವರದ್ದಾದರೂ ಇವರಿಗೆ ಬಾಯಾರುತ್ತಿತ್ತು.

ಹೀಗಿರುವಾಗ ಕಚೇರಿಯ ಮೇಲ್ವಿಚಾರಕರು ನಿವೃತ್ತರಾದರು. ಬಡ್ತಿ ಬೇಕಾದವರು ಅರ್ಜಿ ಹಾಕಬಹುದೆಂದು ಸುತ್ತೋಲೆ ಬಂತು. ಅರ್ಜಿಯಲ್ಲಿ ಇಪ್ಪತ್ತನಾಲ್ಕು ಕಲಂಗಳಿದ್ದವು.

"ಭಾವ, ಅರ್ಜಿ ಅಂದ್ರೆ ಮದುವೆ ಗಂಡಿನ ಫೋಟೋ ಇದ್ದ ಹಾಗೆ. ಇರೋದನ್ನ ಇರೋ ಹಾಗೇ ಕಳಿಸಬಾರದು," ಎಂದು ಭಾವಮೈದುನ ಕಾಲ ಮೇಲೆ ಕಾಲು ಹಾಕಿ ಕೂತ.

'ಕಚೇರಿಯ ಆಸ್ತಿಪಾಸ್ತಿಯ ಬಗ್ಗೆ ತಾವು ವಹಿಸಿದ ಕಾಳಜಿ' ಎಂಬ ಕಲಂ ಬಂದಾಗ ಗುಮಾಸ್ತರು 'ಸಾಕಷ್ಟು' ಎಂದು ಬರೆಯಲು ಹೊರಟರು. ಭಾವಮೈದುನ ಪೆನ್ನು ಹಿಡಿದ ಅವರ ಕೈಯನ್ನೇ ತಡೆದು ಹೇಳಿ ಬರೆಸಿದ: "ಕಚೇರಿಯ ಆಸ್ತಿಯನ್ನು ಇಪ್ಪತ್ತೆರಡು ವರ್ಷಗಳಿಂದ ನನ್ನ ಸ್ವಂತ ಆಸ್ತಿಯೆಂದೇ ತಿಳಿದು ನಡೆದುಕೊಂಡಿದ್ದೇನೆ."

"ಸ್ವಲ್ಪ ಜಾಸ್ತಿ ಆಯ್ತೇನೋ," ಎಂದರು ಗುಮಾಸ್ತರು.

"ಜಾಸ್ತೀನಾ? ಓದಿದವರ ಕಣ್ಣಲ್ಲಿ ನೀರು ಬರತ್ತೆ, ನೋಡ್ತಿರಿ."

ಈ ಒಂದು ವಾಕ್ಯಕ್ಕೇ ಮುಕ್ಕಾಲು ಗಂಟೆ ಹೋಯಿತು. ಅಂಚೆ ಕಚೇರಿ ಮುಚ್ಚುವ ಹೊತ್ತಾಗಿತ್ತು. ಉಳಿದ ಕಲಂಗಳನ್ನು ಐದು ನಿಮಿಷದಲ್ಲಿ ಗೀಚಿ, ಅಂಟು ಹಚ್ಚಿ, ಗುಮಾಸ್ತರು ಒಂದು ಕಾಲಿಗೆ ಚಪ್ಪಲಿ ಒಂದು ಕಾಲಿಗೆ ಬೂಟು ಹಾಕಿಕೊಂಡು ಓಡಿ ಲಕೋಟೆಯನ್ನು ಡಬ್ಬಕ್ಕೆ ಹಾಕಿ ಬಂದರು.

ಮೂರು ವಾರ ಕಳೆದು ಒಂದು ಗುರುವಾರ ಮಧ್ಯಾಹ್ನ ಜವಾನ ಬಂದು ಅವರ ಮೇಜಿನ ಮೇಲೆ ಕಂದು ಲಕೋಟೆ ಇಟ್ಟ. ಪಕ್ಕದವರದ್ದಲ್ಲ, ಅವರದ್ದೇ.

"ತಮ್ಮ ಅರ್ಜಿಯ ಕಲಂ ಒಂಬತ್ತರಲ್ಲಿ ತಾವು ನೀಡಿರುವ ಹೇಳಿಕೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿರ್ದೇಶಕರ ಮುಂದೆ ಸೂಕ್ತ ಪುರಾವೆಗಳೊಂದಿಗೆ ಖುದ್ದಾಗಿ ಹಾಜರಾಗಿ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು."

ಗುಮಾಸ್ತರು ಅದನ್ನು ಮೂರು ಸಲ ಓದಿದರು. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು, ಛತ್ರಿ ಮರೆತು, ಮನೆಗೆ ಬಂದರು.

"ಕಲಂ ಒಂಬತ್ತು ಯಾವುದ್ರೀ?" ಎಂದಳು ಹೆಂಡತಿ.

ನಕಲು ಇಟ್ಟುಕೊಂಡಿರಲಿಲ್ಲ. ಗುಮಾಸ್ತರು ಭಾವಮೈದುನನ ಮುಖ ನೋಡಿದರು. ಭಾವಮೈದುನ ಮಾಡಿನ ಕಡೆ ನೋಡಿದ. "ಅದೇ ಇರಬೇಕು ಭಾವ. ಆಸ್ತಿದು. ಬೇರೆ ಕಲಂನಲ್ಲಿ ಗಂಭೀರವಾಗಿ ತಗೊಳ್ಳೋ ಅಂಥದ್ದು ನೀವೇನು ಬರೆದಿದ್ರಿ?"

"ಓದಿದವರ ಕಣ್ಣಲ್ಲಿ ನೀರು ಬರತ್ತೆ ಅಂದಿದ್ದೆಯಲ್ಲೋ," ಎಂದರು ಗುಮಾಸ್ತರು.

"ಬಂತಲ್ಲ," ಎಂದ ಭಾವಮೈದುನ. ನಿಜಕ್ಕೂ ಗುಮಾಸ್ತರ ಕಣ್ಣಲ್ಲಿ ಬಂದಿತ್ತು.

ಹೆಂಡತಿ ಕಾಗದವನ್ನು ಮತ್ತೊಮ್ಮೆ ಓದಿದಳು. ಓದಿ ಮುಗಿಸಿ ಮೆಲ್ಲಗೆ ಸುತ್ತ ಕಣ್ಣಾಡಿಸಿದಳು. ಗುಮಾಸ್ತರೂ ಕಣ್ಣಾಡಿಸಿದರು. ಅವರು ಕೂತಿದ್ದ ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ 'ತೂ.ಅ.ಇ. ೧೧೭' ಎಂದು ಬರೆದಿತ್ತು. ಅತ್ತೆಯವರು ಕಾಲು ಚಾಚಿದ್ದ ಸ್ಟೂಲಿಗೂ ನಂಬರಿತ್ತು. ಹಿತ್ತಲಲ್ಲಿ ಬಟ್ಟೆ ಒಣಗುತ್ತಿದ್ದದ್ದು ತಕ್ಕಡಿಗೆ ಸೀಲು ಹಾಕುವ ತಂತಿಯ ಮೇಲೆ. ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿದ್ದದ್ದು ಸರ್ಕಾರದ ಮಾದರಿ ತೂಕ, ಒಂದು ಕಿಲೋ, ಹಿತ್ತಾಳೆಯದ್ದು.

ಗುಮಾಸ್ತರು ಕಳ್ಳರಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹನ್ನೊಂದು ವರ್ಷದ ಹಿಂದೆ ಕಚೇರಿಯನ್ನು ಹೊಸ ಕಟ್ಟಡಕ್ಕೆ ಸಾಗಿಸುವಾಗ ಗಲಾಟೆಯಲ್ಲಿ ಎಲ್ಲಿ ಕಳೆದುಹೋಗುತ್ತದೋ ಎಂದು ಹೆದರಿ ಆ ತೂಕವನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮರುದಿನ ವಾಪಸ್ ಇಡಬೇಕೆಂದಿದ್ದರು. ಮರುದಿನ ರಜೆ. ಅದರ ಮರುದಿನ, 'ಎರಡು ದಿನ ಎಲ್ಲಿತ್ತು?' ಎಂದು ಯಾರಾದರೂ ಕೇಳಿದರೆ ಎಂಬ ಹೆದರಿಕೆ. ಆ ಹೆದರಿಕೆಗೆ ಹನ್ನೊಂದು ವರ್ಷವಾಗಿತ್ತು. ಕುರ್ಚಿ, ಸ್ಟೂಲು, ತಂತಿ ಎಲ್ಲವೂ ಹೆಚ್ಚುಕಡಿಮೆ ಹೀಗೆ ಜೋಪಾನವಾಗಿ ಬಂದು ಸೇರಿದವೇ.

"ಎಲ್ಲಾ ವಾಪಸ್ ಇಟ್ಟುಬಿಡಿ. ನಾಳೇನೇ," ಎಂದಳು ಹೆಂಡತಿ.

"ಕಲ್ಲು ಮಾತ್ರ ಕೊಡಲ್ಲ," ಎಂದರು ಅತ್ತೆ. "ಅದು ನನ್ನದು. ಹನ್ನೊಂದು ವರ್ಷದಿಂದ ಅದಕ್ಕೆ ವರ್ಷಕ್ಕೆರಡು ಸಲ ಬೆಳ್ಳಿ ಬಣ್ಣ ಹಚ್ಚಿ ಇಟ್ಟುಕೊಂಡಿರೋಳು ನಾನು."

ಅತ್ತೆಯವರ ಮಾತಿಗೆ ಕಾರಣವಿತ್ತು. ಬೀದಿಗೆ ಬರುವ ತರಕಾರಿ ಗಾಡಿಯವನ ತಕ್ಕಡಿಯನ್ನು ಅವರು ಆ ಕಲ್ಲಿನಿಂದಲೇ ಪರೀಕ್ಷೆ ಮಾಡುತ್ತಿದ್ದದ್ದು. ಪ್ರತಿ ಸಲವೂ ಗಾಡಿಯವನ ಕಲ್ಲು ಸೋಲುತ್ತಿತ್ತು. ಪ್ರತಿ ಸಲವೂ ಅವನು ಕಿಲೋಗೆ ಒಂದು ಟೊಮೇಟೊ ಹೆಚ್ಚಿಗೆ ಹಾಕುತ್ತಿದ್ದ. ಬೀದಿಯ ಹದಿನಾಲ್ಕು ಮನೆಯವರೂ ಅತ್ತೆಯವರ ಕಲ್ಲು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಅವರಿಗೆ ಬೀದಿಯಲ್ಲಿ ಇದ್ದ ಗೌರವವೆಲ್ಲ ಆ ಕಲ್ಲಿನ ಮೇಲೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಗುಮಾಸ್ತರು ತಲೆಯ ಮೇಲೆ ಕುರ್ಚಿ, ಕಂಕುಳಲ್ಲಿ ಸ್ಟೂಲು, ಹೆಗಲಲ್ಲಿ ತಂತಿಯ ಸುರುಳಿ, ಕೈಚೀಲದಲ್ಲಿ ಅತ್ತೆಯವರ ಕಣ್ಣು ತಪ್ಪಿಸಿ ಎತ್ತಿಕೊಂಡ ಒಂದು ಕಿಲೋ ಹಿಡಿದು ಬೀದಿಗಿಳಿದರು. ಯಾರೂ ನೋಡಬಾರದೆಂದು ಗೋಡೆಯ ಬದಿಗೆ ನಡೆದರು. ತಲೆಯ ಮೇಲೆ ನಾಲ್ಕು ಕಾಲು ಮೇಲೆ ಮಾಡಿದ ಕುರ್ಚಿಯಿರುವ ಮನುಷ್ಯ ಗೋಡೆಯ ಬದಿಗೆ ನಡೆದರೆ ಬೀದಿಯ ಮಧ್ಯದಲ್ಲಿ ನಡೆದದ್ದಕ್ಕಿಂತ ಚೆನ್ನಾಗಿ ಕಾಣುತ್ತಾನೆ.

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಪತ್ರಿಕೆ ಇಳಿಸಿದರು. "ಏನ್ರೀ ಗುಮಾಸ್ತರೇ, ಮನೆ ಖಾಲಿ ಮಾಡ್ತಿದ್ದೀರಾ?"

"ಇಲ್ಲ ಮೇಷ್ಟ್ರೇ. ಕಚೇರಿಗೆ. ಅದು... ಕಲಂ ಒಂಬತ್ತು."

ಕಲಂ ಎಂಬ ಮಾತು ಕೇಳಿದ್ದೇ ಮೇಷ್ಟ್ರು ಎದ್ದು ನಿಂತರು. ಪತ್ರಿಕೆಯಲ್ಲಿ ಅವರು ದಿನಾ ಓದುತ್ತಿದ್ದದ್ದು ಯಾರ ಮೇಲೆ ಯಾವ ಕಲಂ ಹಾಕಿದರು ಎಂಬುದನ್ನೇ. ಗುಮಾಸ್ತರು ಬೀದಿಯ ತಿರುವು ದಾಟುವಷ್ಟರಲ್ಲಿ ಸುದ್ದಿ ಹದಿನಾಲ್ಕು ಮನೆ ದಾಟಿತ್ತು.

"ಗುಮಾಸ್ತರ ಮೇಲೆ ಕಲಂ ಒಂಬತ್ತು ಹಾಕಿದ್ದಾರಂತೆ."

"ಅಯ್ಯೋ, ಅದಕ್ಕೆ ಜಾಮೀನು ಇದೆಯಾ?"

"ಕುರ್ಚಿ ಹೊತ್ತುಕೊಂಡೇ ಹೋಗಬೇಕಂತೆ. ಹಾಗೆ ಆಜ್ಞೆ ಆಗಿದೆಯಂತೆ."

ತರಕಾರಿ ಗಾಡಿಯವನು ಕೈಚೀಲದ ಆಕಾರ ನೋಡಿ, ಒಳಗಿರುವುದು ಏನೆಂದು ಗುರುತಿಸಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನಕ್ಕ.

ಕಚೇರಿಯ ಸ್ಟೋರು ನೋಡಿಕೊಳ್ಳುತ್ತಿದ್ದವನು ಬೀಗಪ್ಪ. ಸೊಂಟದಲ್ಲಿ ಇಪ್ಪತ್ತು ಬೀಗದ ಕೈ ನೇತುಹಾಕಿಕೊಂಡಿರುತ್ತಿದ್ದರಿಂದ ಆ ಹೆಸರು. ಗುಮಾಸ್ತರಿಗೆ ಲೋಕದಲ್ಲಿ ಹೆದರಿಕೆಯಿಲ್ಲದೆ ಮಾತಾಡಲು ಇದ್ದ ಒಬ್ಬನೇ ಮನುಷ್ಯ ಅವನು. ಇಪ್ಪತ್ತು ವರ್ಷದಿಂದ ಇಬ್ಬರೂ ಮಧ್ಯಾಹ್ನ ಸ್ಟೋರಿನಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಇವರ ಡಬ್ಬಿಯ ಮೊದಲ ತುತ್ತು ಅವನೇ ತಿನ್ನುತ್ತಿದ್ದ.

"ಬೀಗಪ್ಪಾ, ಇವನ್ನ ಒಳಗೆ ತಗೊಂಡುಬಿಡಯ್ಯಾ. ಬೇಗ."

ಬೀಗಪ್ಪ ದಪ್ಪ ರಿಜಿಸ್ಟರು ತೆಗೆದು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. "ನೂರಾ ಹದಿನೇಳನೇ ನಂಬರು ಕುರ್ಚಿ ಇಲ್ಲೇ ಇದೆಯಲ್ಲ."

"ಎಲ್ಲಿದೆ?"

"ಪುಸ್ತಕದಲ್ಲಿದೆ. ಹೊರಗೇ ಹೋಗಿಲ್ಲ ಅಂತ ಬರೆದಿದೆ. ಹೊರಗೆ ಹೋಗಿಲ್ಲದ್ದನ್ನ ಒಳಗೆ ಹೇಗಯ್ಯಾ ತಗೊಳ್ಳಲಿ? ತಗೊಂಡ್ರೆ ನೂರಾ ಹದಿನೇಳನೇ ನಂಬರು ಎರಡೆರಡು ಆಗತ್ತೆ. ಕಮ್ಮಿ ಬಂದ್ರೆ ಇಲಿ ತಿಂತು ಅನ್ನಬಹುದು. ಜಾಸ್ತಿ ಬಂದ್ರೆ ಏನನ್ನಲಿ, ಮರಿ ಹಾಕ್ತು ಅನ್ನಲಾ?"

"ಹಾಗಾದ್ರೆ ಈ ತೂಕವನ್ನಾದರೂ..."

ಬೀಗಪ್ಪ ತೂಕವನ್ನು ಕೈಗೆ ತೆಗೆದುಕೊಂಡು, ಬೆಳ್ಳಿ ಬಣ್ಣ ನೋಡಿ ಹುಬ್ಬೇರಿಸಿ, ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿಟ್ಟ. ಮುಳ್ಳು ಓಡಾಡಿ ನಿಂತಿತು. ಅವನು ಕನ್ನಡಕ ಒರೆಸಿ ಮತ್ತೆ ನೋಡಿದ.

"ಸಾವಿರದ ಇಪ್ಪತ್ತಾರು ಗ್ರಾಂ!"

ಇಪ್ಪತ್ತೆರಡು ಪದರ ಬಣ್ಣ ತನ್ನ ಕೆಲಸ ಮಾಡಿತ್ತು. ಗುಮಾಸ್ತರು ಗೋಡೆ ಹಿಡಿದುಕೊಂಡರು. ತಪ್ಪು ತೂಕ ಇಟ್ಟುಕೊಳ್ಳುವುದು ಅಪರಾಧ. ಹಾಗೆ ಇಟ್ಟುಕೊಂಡವರನ್ನು ಹಿಡಿಯುವುದಕ್ಕೆಂದೇ ಇರುವ ಇಲಾಖೆ ಇದು. ಎಂಟು ಗ್ರಾಂ ವ್ಯತ್ಯಾಸಕ್ಕೆ ಹೋದ ತಿಂಗಳು ಒಬ್ಬ ಈರುಳ್ಳಿ ವ್ಯಾಪಾರಿಯ ಮೇಲೆ ಕೇಸು ಹಾಕಿದ್ದರು. ಆ ಕೇಸನ್ನು ದುಂಡಗಿನ ಅಕ್ಷರದಲ್ಲಿ ಬರೆದವರು ಸಾಕ್ಷಾತ್ ಗುಮಾಸ್ತರೇ. ಇನ್ನು ಹನ್ನೊಂದು ವರ್ಷದಿಂದ ಹದಿನಾಲ್ಕು ಮನೆಗೆ ಕಿಲೋಗೆ ಇಪ್ಪತ್ತಾರು ಗ್ರಾಂ ಬಿಟ್ಟಿ ತರಕಾರಿ ಹಾಕಿದ ಗಾಡಿಯವನು ದೂರು ಕೊಟ್ಟರೆ ಏನು ಗತಿ?

"ಇಷ್ಟಕ್ಕೂ ಈಗ ಯಾಕಯ್ಯಾ ವಾಪಸ್ ತಂದೆ?" ಎಂದ ಬೀಗಪ್ಪ.

ಗುಮಾಸ್ತರು ಕಾಗದ ಚಾಚಿದರು. ಬೀಗಪ್ಪ ಒಂದೊಂದೇ ಪದ ಬಿಡಿಸಿ ಓದಿದ. "ತಾವು... ನೀಡಿರುವ... ಹೇಳಿಕೆ." ತಲೆ ಎತ್ತಿದ. "ಹೇಳಿಕೆ ಕೊಟ್ಟಿದ್ದೀಯಾ?"

"ಕೊಟ್ಟೆ."

"ಕಚೇರಿ ಸಾಮಾನಿನ ಬಗ್ಗೆ?"

"ಹೂಂ. ಎಲ್ಲಾ ಬರೆದುಬಿಟ್ಟೆ ಕಣಯ್ಯಾ. ಇಪ್ಪತ್ತೆರಡು ವರ್ಷದ್ದು."

ಗುಮಾಸ್ತರು ಹೇಳಿದ್ದು ತಮ್ಮ ಮಾತು. ಬೀಗಪ್ಪ ಕೇಳಿಸಿಕೊಂಡದ್ದು ಎಲ್ಲರ ಮಾತು. ಅವನ ಮುಖದ ಬಣ್ಣ ಮೆಲ್ಲಗೆ ಇಳಿಯಿತು. ಅವನ ಮನೆಯಲ್ಲಿ ಬಟ್ಟೆ ಇಡುತ್ತಿದ್ದದ್ದು ಇಲಾಖೆಯ ಕಬ್ಬಿಣದ ಬೀರುವಿನಲ್ಲಿ.

"ಮಧ್ಯಾಹ್ನ ಊಟಕ್ಕೆ ಬರ್ತೀಯಲ್ಲ?" ಎಂದರು ಗುಮಾಸ್ತರು.

"ಇವತ್ತು ಹಸಿವಿಲ್ಲ... ಸಾರ್," ಎಂದ ಬೀಗಪ್ಪ.

ಇಪ್ಪತ್ತು ವರ್ಷದಲ್ಲಿ ಬೀಗಪ್ಪ ಅವರನ್ನು ಸಾರ್ ಎಂದದ್ದು ಅದೇ ಮೊದಲು. ಗುಮಾಸ್ತರಿಗೆ ಲಕೋಟೆ ನೋಡಿದಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಸಾಯುವವರನ್ನು ಮಾತ್ರ ಜನ ಹೀಗೆ ಇದ್ದಕ್ಕಿದ್ದಂತೆ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಕುರ್ಚಿ, ಸ್ಟೂಲು, ತಂತಿಯನ್ನು ಸ್ಟೋರಿನ ಬಾಗಿಲಲ್ಲೇ ಬಿಟ್ಟು, ತೂಕವನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ತಮ್ಮ ಮೇಜಿಗೆ ನಡೆದರು.

ಶನಿವಾರ ಬೆಳಿಗ್ಗೆ ಗುಮಾಸ್ತರು ಕಚೇರಿಗೆ ಬಂದಾಗ ಗೇಟಿನಲ್ಲಿ ಜಾಗವಿರಲಿಲ್ಲ. ಬೀಗಪ್ಪನ ಬೀರು ಕೈಗಾಡಿಯ ಮೇಲೆ ಅಡ್ಡ ಮಲಗಿತ್ತು. ಅದರ ಹಿಂದೆ ಟೈಪಿಸ್ಟಮ್ಮ ಸೀಲಿಂಗ್ ಫ್ಯಾನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದರು. ಮೂರು ರೆಕ್ಕೆಗಳೂ ಬಟ್ಟೆಯ ಹೊರಗೆ ಕೈಕಾಲು ಚಾಚಿದ್ದವು. ಜವಾನ ಜೇಬಿನಿಂದ ಕರೆಗಂಟೆ ತೆಗೆದ. ಒಂಬತ್ತು ವರ್ಷದಿಂದ ಇನ್‌ಸ್ಪೆಕ್ಟರ್ ಸಾಹೇಬರು ಗಂಟೆ ಕಳೆದುಹೋಯಿತೆಂದು ಚಪ್ಪಾಳೆ ತಟ್ಟಿ ಅವನನ್ನು ಕರೆಯುತ್ತಿದ್ದರು. ಅವರು ಬೈಯಬೇಕೆಂದು ಬಾಯಿ ತೆರೆದರು. ಆದರೆ ಅವರ ಹಿಂದೆಯೇ ನಾಲ್ಕು ಜನ ಕೂಲಿಗಳು, 'ಭೇಟಿಗೆ ಬಂದವರಿಗೆ' ಎಂದು ಬರೆದಿದ್ದ ಸೋಫಾ ಹೊತ್ತು ನಿಂತಿದ್ದರಿಂದ ಬಾಯಿ ಮುಚ್ಚಿದರು. ಹತ್ತೂವರೆಗೆ ನಿವೃತ್ತ ಮೇಲ್ವಿಚಾರಕರೇ ಆಟೋದಲ್ಲಿ ಬಂದಿಳಿದರು. ಜೊತೆಗೆ ಒಂದು ಮೇಜು. ಮೊಮ್ಮಕ್ಕಳಿಗೆ ಎಟುಕಲೆಂದು ಅದರ ನಾಲ್ಕು ಕಾಲನ್ನೂ ಮೊಣಕಾಲಿನ ತನಕ ಕತ್ತರಿಸಿತ್ತು.

"ಕಾಲು ಆಮೇಲೆ ತಂದುಕೊಡ್ತೀನಿ," ಎಂದು ಅವರು ಯಾರೂ ಕೇಳದೆಯೇ ಹೇಳಿದರು.

ಎಲ್ಲರೂ ಗುಮಾಸ್ತರನ್ನು ನೋಡಿದ್ದೇ ದಾರಿ ಬಿಟ್ಟರು. ಅವರು ಮೇಜಿಗೆ ಹೋಗಿ ಕೂರುವ ಮೊದಲೇ ಎರಡು ಕಪ್ ಟೀ ಬಂದು ಕೂತಿದ್ದವು.

ಟೈಪಿಸ್ಟಮ್ಮ ಬಗ್ಗಿ ಕಿವಿಯ ಹತ್ತಿರ ಕೇಳಿದರು: "ಸಾರ್, ನಂದು ಎಷ್ಟನೇ ನಂಬರು?"

"ಯಾವುದರಲ್ಲಮ್ಮ?"

"ಅದೇ... ನಿಮ್ಮ ಪಟ್ಟಿಯಲ್ಲಿ."

"ನನಗೇನೂ ಗೊತ್ತಿಲ್ಲಮ್ಮ. ನನ್ನನ್ನ ಏನೂ ಕೇಳಬೇಡಿ," ಎಂದು ಗುಮಾಸ್ತರು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದರು. ಅವರ ಕೈ ನಡುಗುತ್ತಿತ್ತು.

ಟೈಪಿಸ್ಟಮ್ಮ ಹಿಂದಕ್ಕೆ ಹೋಗಿ ವರದಿ ಮಾಡಿದರು: "ಬಾಯೇ ಬಿಡ್ತಿಲ್ಲ. ಸಿಟ್ಟಿನಲ್ಲಿ ಕೈ ಹೇಗೆ ನಡುಗ್ತಿದೆ ನೋಡಿ."

ಅದಾದ ಮೇಲೆ ಇನ್ನೂ ಒಂದು ಸುತ್ತು ಸಾಮಾನು ಬಂತು.

ಮನೆಯಲ್ಲೂ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಭಾನುವಾರವಿಡೀ ಬೀದಿಯವರು ಬಂದು ಕೂತು ಹೋದರು. ಹೆಡ್‌ಮೇಷ್ಟ್ರು ಪರಿಚಯದ ವಕೀಲರ ವಿಳಾಸ ಬರೆದುಕೊಟ್ಟರು. ಕೂರಲು ಕುರ್ಚಿಯಿಲ್ಲದ್ದನ್ನು ನೋಡಿ, ಆಗಲೇ ಜಪ್ತಿ ಆಗಿದೆ ಎಂದುಕೊಂಡು ಒಬ್ಬಾಕೆ ಅತ್ತಳು. ಕಲ್ಲು ಇಪ್ಪತ್ತಾರು ಗ್ರಾಂ ಹೆಚ್ಚು ತೂಗುತ್ತಿತ್ತೆಂಬ ಸುದ್ದಿಯನ್ನು ಭಾವಮೈದುನ ಬಾಯಿ ತಪ್ಪಿ ಆಡಿದಾಗ ಮಾತ್ರ ಹದಿನಾಲ್ಕು ಮನೆಯವರೂ ಸ್ವಲ್ಪ ಹೊತ್ತು ನೆಲ ನೋಡಿದರು.

"ಬಣ್ಣ ಹಚ್ಚಿದ್ರೆ ಭಾರ ಆಗತ್ತೆ ಅಂತ ನನಗೆ ಯಾರು ಹೇಳಿದ್ರು?" ಎಂದರು ಅತ್ತೆ. "ಇಲಾಖೆಯೋರು ಮನೇಲೇ ಇದ್ರು. ಅವರೇ ಹೇಳಬೇಕಿತ್ತು."

ಸೋಮವಾರ ಪ್ರಧಾನ ಕಚೇರಿಯ ಗೇಟಿನ ತನಕ ಇಡೀ ಕುಟುಂಬವೇ ಬಂತು. ಹೆಂಡತಿ ಒಂದು ಜೊತೆ ಬಟ್ಟೆ, ಟವೆಲು, ಹಲ್ಲುಜ್ಜುವ ಬ್ರಷ್ಷು ಕಟ್ಟಿ ತಂದಿದ್ದಳು. "ಅಲ್ಲೇ ಕರ್ಕೊಂಡು ಹೋದ್ರೆ ಇರಲಿ," ಎಂದಳು. ಭಾವಮೈದುನ ರಸ್ತೆಯಾಚೆ ಆಟೋ ಒಂದನ್ನು ಸ್ಟಾರ್ಟಿನಲ್ಲೇ ನಿಲ್ಲಿಸಿಕೊಂಡಿದ್ದ. ಅದು ಭಾವನಿಗಾಗಿಯೋ ತನಗಾಗಿಯೋ ಎಂದು ಹೇಳಲಿಲ್ಲ.

ಗೇಟಿನ ಕಾವಲುಗಾರ ಕೈಚೀಲ ಎತ್ತಿ ನೋಡಿದ. "ಏನ್ರೀ ಇಷ್ಟು ಭಾರ?"

"ಪುರಾವೆ," ಎಂದರು ಗುಮಾಸ್ತರು, ಕಾಗದದಲ್ಲಿ ಇದ್ದ ಮಾತನ್ನೇ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದು ಬಿಟ್ಟುಕೊಟ್ಟ.

ನಿರ್ದೇಶಕರ ಕೋಣೆ ನಾಲ್ಕನೇ ಮಹಡಿಯಲ್ಲಿ. ಬಾಗಿಲಿಗೆ ಹೆಸರಿನ ಹಲಗೆ ಒಂದಲ್ಲ, ಎರಡಿದ್ದವು. ಒಳಗೆ ನಿರ್ದೇಶಕರು ಟೆಲಿಫೋನ್ ಕೆಳಗಿಡುತ್ತಿದ್ದರು. ಕತ್ತೆತ್ತಿ, "ಕಲಂ ಒಂಬ..." ಎಂದರು.

ಅಷ್ಟೇ ಸಾಕಾಯಿತು. ಗುಮಾಸ್ತರು ಒಂದು ಕಿಲೋವನ್ನು ಮೇಜಿನ ಮೇಲಿಟ್ಟರು. ಗಾಜು ಚಿಟ್ ಎಂದಿತು.

"ಒಪ್ಪಿಕೊಂಡುಬಿಡ್ತೀನಿ ಸಾರ್. ಕುರ್ಚಿ ನೂರಾ ಹದಿನೇಳು ನಾನೇ ಸಾರ್. ಸ್ಟೂಲು ನಾನೇ. ತಂತಿ ಮೂವತ್ತು ಮೊಳ, ಅದರಲ್ಲಿ ಎರಡು ಮೊಳ ತುಕ್ಕು ಹಿಡಿದು ಹೋಯ್ತು, ಅದೂ ನಾನೇ. ಈ ತೂಕ ಹನ್ನೊಂದು ವರ್ಷ ಬಾಗಿಲ ಹತ್ರ ಇತ್ತು. ನಮ್ಮತ್ತೆ ಬಣ್ಣ ಹಚ್ಚಿದ್ರು. ಅವರಿಗೆ ಎಪ್ಪತ್ತಾರು ವರ್ಷ ಸಾರ್, ಅವರನ್ನ ಏನೂ ಮಾಡಬೇಡಿ. ಟೊಮೇಟೊ ಎಲ್ಲಾ ತಿಂದಾಗಿದೆ, ವಾಪಸ್ ಕೊಡೋಕಾಗಲ್ಲ..."

ನಿರ್ದೇಶಕರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಮುಂದಿದ್ದ ಅರ್ಜಿಯನ್ನು ಅವರ ಕಡೆ ತಿರುಗಿಸಿದರು.

"ಕಲಂ ಒಂಬತ್ತು ಹುಟ್ಟಿದ ದಿನಾಂಕ ಕಣ್ರೀ."

ಗುಮಾಸ್ತರು ಬಗ್ಗಿ ನೋಡಿದರು. ದುಂಡಗಿನ ಅಕ್ಷರ. ಅರ್ಜಿ ತುಂಬಿದ ದಿನದ್ದೇ ತಾರೀಕು.

"ಇದರ ಪ್ರಕಾರ ನಿಮಗೀಗ ಇಪ್ಪತ್ತೆಂಟು ದಿನ ವಯಸ್ಸು," ಎಂದರು ನಿರ್ದೇಶಕರು. "ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಕಂಪ್ಯೂಟರು ತಗೊಳ್ತಿಲ್ಲ. ಹುಟ್ಟಿದ್ದಕ್ಕೆ ಏನಾದ್ರೂ ಪುರಾವೆ ಇದೆಯಾ ಅಂತ ಕೇಳೋಕೆ ಕರೆಸಿದ್ದು."

ಗುಮಾಸ್ತರು ಮೇಜಿನ ಮೇಲಿನ ತೂಕವನ್ನು ಮೆಲ್ಲಗೆ, ಯಾರೂ ನೋಡುತ್ತಿಲ್ಲವೆಂಬಂತೆ, ಚೀಲದ ಕಡೆಗೆ ಎಳೆದುಕೊಳ್ಳತೊಡಗಿದರು. ನಿರ್ದೇಶಕರು ಅದರ ಮೇಲೆ ಕೈಯಿಟ್ಟರು. ಇಪ್ಪತ್ತೆರಡು ವರ್ಷದ ಸೇವೆ, ಮುಂದಿನ ಪಿಂಚಣಿ, ಹೆಂಡತಿ ಕಟ್ಟಿಕೊಟ್ಟ ಟವೆಲು ಎಲ್ಲವೂ ಆ ಕೈಯ ಕೆಳಗಿದ್ದವು.

"ನಿಮ್ಮ ಇನ್‌ಸ್ಪೆಕ್ಟರು ಈಗ ಫೋನ್ ಮಾಡಿದ್ರು," ಎಂದರು ನಿರ್ದೇಶಕರು ನಿಧಾನವಾಗಿ. "ಎಂಟು ವರ್ಷದಿಂದ ಸುತ್ತೋಲೆ ಕಳಿಸ್ತಿದ್ದೀನಿ, ಸಾಮಾನು ಲೆಕ್ಕಕ್ಕೆ ಸಿಗ್ತಿಲ್ಲ ಅಂತ. ಒಂದು ಗುಂಡುಪಿನ್ನೂ ವಾಪಸ್ ಬಂದಿರಲಿಲ್ಲ. ಮೊನ್ನೆ ಎರಡೇ ದಿನದಲ್ಲಿ ಅರವತ್ತಮೂರು ಸಾಮಾನು ಬಂದಿದೆಯಂತೆ. ಅರ್ಧ ಮೇಜೂ ಒಂದು ಬಂದಿದೆಯಂತೆ. ಯಾರೋ ಪಟ್ಟಿ ಮಾಡಿದ್ದಾರೆ ಅಂತ ಮಾತು. ನೀವೇನಾ?"

"ಪಟ್ಟಿಯೇ ಇಲ್ಲ ಸಾರ್. ದೇವರಾಣೆ."

"ಸರಿ. ಹಾಗೇ ಹೇಳಬೇಕು," ಎಂದು ನಿರ್ದೇಶಕರು ಮೆಚ್ಚಿ ತಲೆದೂಗಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ದನಿ ಇಳಿಸಿದರು. "ಆ ಇಲ್ಲದ ಪಟ್ಟಿಯಲ್ಲಿ... ಹಿತ್ತಾಳೆಯ ಮಾದರಿ ಮೀಟರ್ ಕೋಲು ಅಂತ ಏನಾದ್ರೂ ಇದೆಯಾ?"

ಗುಮಾಸ್ತರಿಗೆ ಅರ್ಥವಾಗಲಿಲ್ಲ. ಹೆದರಿ ಸುಮ್ಮನೆ ನಿಂತರು.

"ಅರ್ಥ ಆಯ್ತು," ಎಂದರು ನಿರ್ದೇಶಕರು, ಹಣೆ ಒರೆಸಿಕೊಳ್ಳುತ್ತ. "ಬುಧವಾರದೊಳಗೆ ಸ್ಟೋರಿಗೆ ಬರತ್ತೆ. ಮನೇಲಿ ಪರದೆ ಬಿಚ್ಚೋಕೆ ಒಂದು ದಿನ ಬೇಕು. ಈ ತೂಕದ ವಿಷಯ ನಾನು ಕೇಳಿಲ್ಲ, ಮೀಟರಿನ ವಿಷಯ ನೀವು ಕೇಳಿಲ್ಲ. ಹುಟ್ಟಿದ ತಾರೀಕು ಇಲ್ಲಿ ತಿದ್ದಿ ಸಹಿ ಹಾಕಿ."

ಗುಮಾಸ್ತರು ತಿದ್ದಿದರು. ಹೆದರಿಕೆಯಲ್ಲಿ ಮೊದಲು ಹೆಂಡತಿಯ ಹುಟ್ಟಿದ ದಿನ ಬರೆದು, ಆಮೇಲೆ ತಮ್ಮದನ್ನು ಬರೆದರು.

ಎಂಟು ದಿನಕ್ಕೆ ಬಡ್ತಿಯ ಆದೇಶ ಬಂತು. ಅದೂ ಕಂದು ಲಕೋಟೆಯಲ್ಲೇ ಬಂದದ್ದರಿಂದ ಅದನ್ನು ಒಡೆಯಲು ಮನೆಯವರೆಲ್ಲ ಸೇರಬೇಕಾಯಿತು. ಓದಿ ಮುಗಿಸಿದ್ದೇ ಭಾವಮೈದುನ, "ನನ್ನ ವಾಕ್ಯ!" ಎಂದು ಎದೆ ತಟ್ಟಿಕೊಂಡ. ಹೆಡ್‌ಮೇಷ್ಟ್ರು ಕೈಕುಲುಕಿ, ಕಲಂ ಒಂಬತ್ತು ಬಿದ್ದವರು ಬಡ್ತಿ ಪಡೆದದ್ದನ್ನು ತಾವು ಇತಿಹಾಸದಲ್ಲೇ ಓದಿಲ್ಲ ಎಂದರು. ಹೆಂಡತಿ ಕಟ್ಟಿಟ್ಟಿದ್ದ ಗಂಟಿನಿಂದ ಟವೆಲು ಬಿಚ್ಚಿ ಬಚ್ಚಲಲ್ಲಿ ನೇತುಹಾಕಿದಳು.

ಗುಮಾಸ್ತರು ಮೇಲ್ವಿಚಾರಕರಾಗಿ ಕಚೇರಿಗೆ ಕಾಲಿಟ್ಟ ದಿನ ಎಲ್ಲರೂ ಎದ್ದು ನಿಂತಿದ್ದರು. ನಮ್ಮವರು ಗಾಬರಿಯಾಗಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು. ಯಾರೂ ಕೂರಲಿಲ್ಲ. ಕೂರಲು ಏನೂ ಇರಲಿಲ್ಲ. ಬಂದ ಸಾಮಾನು, ಇದ್ದ ಸಾಮಾನು ಎಲ್ಲವನ್ನೂ ಎಣಿಸಿ ಮುಗಿಯುವ ತನಕ ಸ್ಟೋರಿಗೆ ಬೀಗ ಹಾಕಿಡಬೇಕು, ಮೇಲ್ವಿಚಾರಕರ ಸಹಿಯಿಲ್ಲದೆ ಒಂದು ಸ್ಟೂಲನ್ನೂ ಹೊರಗೆ ಕೊಡಕೂಡದು ಎಂದು ನಿರ್ದೇಶಕರ ಆಜ್ಞೆಯಾಗಿತ್ತು. ಬೀಗಪ್ಪ ಹೆದರಿ, ಜವಾನನ ಮಣೆಯನ್ನೂ ಬಿಡದೆ ಒಳಗೆ ಸೇರಿಸಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ಹೊಸ ಮೇಲ್ವಿಚಾರಕರ ಮುಂದೆ ಹದಿನೇಳು ಕೋರಿಕೆ ಚೀಟಿಗಳಿದ್ದವು: ಕುರ್ಚಿ, ಕುರ್ಚಿ, ಮೇಜು, ಕುರ್ಚಿ, ಗಂಟೆ. ಅವುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು, ನಿಂತೇ, ಪೆನ್ನು ಹಿಡಿದರು. ಸಹಿ ಹಾಕಿದರೆ ಸಾಮಾನು ತಮ್ಮ ಜವಾಬ್ದಾರಿಯಲ್ಲಿ ಹೊರಗೆ ಹೋದಂತೆ. ಒಂದು ಕಳೆದುಹೋದರೆ? ಒಂದರ ಕಾಲು ಮುರಿದರೆ? ಪೆನ್ನು ಕೆಳಗಿಟ್ಟರು. ಇಡೀ ಕಚೇರಿ ನಿಂತುಕೊಂಡೇ ಮಧ್ಯಾಹ್ನದ ತನಕ ತೂಗಿತು, ಅಳೆಯಿತು, ಟೈಪು ಮಾಡಿತು.

ಒಂದು ಗಂಟೆಗೆ ಮೇಲ್ವಿಚಾರಕರು ಡಬ್ಬಿ ಹಿಡಿದು ಸ್ಟೋರಿನ ಬಾಗಿಲಿಗೆ ಹೋದರು. ಬೀಗಪ್ಪ ಕೈಕಟ್ಟಿ ನಿಂತ.

"ಸಾರ್."

"ಸಾರ್ ಅನ್ನಬೇಡ ಕಣಯ್ಯಾ. ನಾನು ಯಾರ ಮೇಲೂ ಏನೂ ಬರೆದಿಲ್ಲ. ಹುಟ್ಟಿದ ತಾರೀಕು ತಪ್ಪು ಬರೆದೆ. ಅದೇ ಕಲಂ ಒಂಬತ್ತು. ಅಷ್ಟೇ ನಡೆದದ್ದು."

"ನೀವು ಹೇಗೆ ಹೇಳ್ತೀರೋ ಹಾಗೆ ಸಾರ್."

"ಬೀಗಪ್ಪಾ, ನಿನ್ನಾಣೆ. ಇವತ್ತಿಗೆ ಹದಿಮೂರು ದಿನ ಆಯ್ತು, ಒಬ್ಬನೇ ಊಟ ಮಾಡ್ತಿದ್ದೀನಿ. ಗಂಟಲಲ್ಲಿ ಇಳೀತಿಲ್ಲ. ಬಾಗಿಲ ಹತ್ರ ಯಾರಾದ್ರೂ ನಿಂತರೆ ನನ್ನನ್ನ ಹಿಡಿಯೋಕೆ ಬಂದ್ರು ಅನ್ನಿಸತ್ತೆ. ಅವರು ನಾನು ಹಿಡೀತೀನಿ ಅಂತ ಹೆದರಿ ನಿಂತಿರ್ತಾರೆ. ನನಗೆ ಈ ಬಡ್ತಿ ಬೇಡ ಕಣಯ್ಯಾ. ನಿನಗೆ ಬೇಕಾದ್ರೆ ತಗೋ."

ಡಬ್ಬಿ ಹಿಡಿದ ಅವರ ಕೈ ಗಡಗಡ ನಡುಗಿ, ಮುಚ್ಚಳ ತಾಳ ಹಾಕುತ್ತಿತ್ತು. ಬೀಗಪ್ಪ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ. ಟೈಪಿಸ್ಟಮ್ಮ ಏನೇ ಹೇಳಲಿ, ಇದು ಸಿಟ್ಟಿನ ನಡುಕವಲ್ಲವೆಂದು ಇಪ್ಪತ್ತು ವರ್ಷ ನೋಡಿದವನಿಗೆ ಗೊತ್ತಾಗದಿರುತ್ತದೆಯೇ?

"ಹುಟ್ಟಿದ ತಾರೀಕಾ?" ಎಂದ.

"ಅರ್ಜಿ ಬರೆದ ದಿನಾನೇ ಹುಟ್ಟಿದೆ ಅಂತ ಬರೆದಿದ್ದೆ."

ಬೀಗಪ್ಪನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಸೊಂಟದ ಬೀಗದ ಕೈಗಳು ಗಿಲಿಗಿಲಿ ಎಂದವು. ಆಮೇಲೆ ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಥಟ್ಟನೆ ಸುಮ್ಮನಾಗಿ ಸುತ್ತ ನೋಡಿದ.

"ಆದರೆ ಕೂರೋದೆಲ್ಲಿ? ಒಳಗೆ ಅರವತ್ತು ಕುರ್ಚಿ ಇವೆ. ಸಹಿ ಇಲ್ಲದೆ ಒಂದನ್ನೂ ಮುಟ್ಟೋ ಹಾಗಿಲ್ಲ."

"ನೆಲ ನಿನ್ನ ರಿಜಿಸ್ಟರಿನಲ್ಲಿದೆಯಾ?" ಎಂದು ಮೇಲ್ವಿಚಾರಕರು ಹೆದರುತ್ತಲೇ ಕೇಳಿದರು.

ಬೀಗಪ್ಪ ಯೋಚಿಸಿದ. "ಇಲ್ಲ. ಕಟ್ಟಡ ಬಾಡಿಗೇದು."

ಇಬ್ಬರೂ ಅರವತ್ತು ಕುರ್ಚಿಗಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೇಲ್ವಿಚಾರಕರು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಚಾಚಿದರು. ಬೀಗಪ್ಪ ಮೊದಲ ತುತ್ತು ತಾನೇ ತೆಗೆದು ಬಾಯಿಗಿಟ್ಟುಕೊಂಡು, ತುಂಬಿದ ಬಾಯಲ್ಲೇ ಬೈದ:

"ಒಂದು ತಾರೀಕು ನೆಟ್ಟಗೆ ಬರೆಯೋಕೆ ಬರಲ್ಲ ನಿನಗೆ. ನನ್ನ ಮನೇಲಿ ಬಟ್ಟೆಯೆಲ್ಲಾ ನೆಲದ ಮೇಲಿದೆ ಕಣೋ!"